ಮೊದಲು ಮಾಗಿದವರ ಪಾಯಸ

ಹೈದರಾಬಾದ್
2 ಜೂನ್ 2025

ಪ್ರೀತಿಯ ಅಬ್ಬಾ,

ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಒಟ್ಟಿಗೇ ಸಿಟ್ಟಾಗುತ್ತೇವೆ, ಒಟ್ಟಿಗೇ ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ಒಬ್ಬರ ಸರದಿ ಮುಗಿಯುವವರೆಗೆ ಇನ್ನೊಬ್ಬರು ಕಾಯಲೇಬೇಕು, ಬುಕ್ಕಾಂಬುಧಿ ಕೆರೆಯ ನೀರಿಗೆ ಕಾದ ಹಾಗೆ. ಈಗ ನನ್ನ ಸರದಿ.

ಭಾನುವಾರ ನೀವು ಕೇಳಿದಿರಿ, "ಭತ್ತದ ಹಣೆಬರಹ ತಿದ್ದೋಕೆ ನೀನ್ಯಾರು?" ಎಂದು. ತರೀಕೆರೆ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ಕೆಂಪು ಶಾಯಿಯಲ್ಲಿ ಊರಮಕ್ಕಳ ಉತ್ತರಪತ್ರಿಕೆ ತಿದ್ದಿ, ಬಸ್‌ಸ್ಟ್ಯಾಂಡಿನ ಹೋಟೆಲ್ ಬೋರ್ಡಿನ ಕಾಗುಣಿತವನ್ನೂ ಬಿಡದ ಮನುಷ್ಯನ ಮಗಳು ನಾನು. ತಿದ್ದುವ ಚಟ ನನಗೆ ವಂಶವಾಹಿಯಲ್ಲೇ ಬಂದಿದೆ.

ನೀವು ಹೆದರಿದ ಹಾಗೆ ನಾವು ಹೊರಗಿನ ಯಾವ ಜೀವಿಯ ತುಣುಕನ್ನೂ ತಂದು ನಮ್ಮ ಈ ಹೊಸ ಭತ್ತಕ್ಕೆ ಅಂಟಿಸಿಲ್ಲ. ಅದರ ಸ್ವಂತ ಬರಹದಲ್ಲೇ ಒಂದು ಕಡೆ ಸಣ್ಣ ತಿದ್ದುಪಡಿ, ಅಷ್ಟೇ. ಅದರಿಂದ ಬೆಳೆ ಸುಮಾರು ಮೂರು ವಾರ ಮುಂಚೆ ಮಾಗುತ್ತದೆ. ಅದರಿಂದ ಏನು ಎಂದು ನೀವು ಕೇಳುವ ಮೊದಲೇ ಫೋನ್ ಇಟ್ಟಿರಿ. ಕೇಳಿ. ಗದ್ದೆಯಲ್ಲಿ ನಿಂತ ನೀರು ಮಣ್ಣಿನ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಮೀಥೇನ್ ಎಂಬ ಅನಿಲ ಮಾಡುತ್ತವೆ. ಅದು ಭತ್ತದ ದಂಟಿನೊಳಗಿಂದಲೇ, ಒಲೆಯ ಹೊಗೆ ಕೊಳವೆಯಲ್ಲಿ ಹೋದಂತೆ, ಮೇಲೆ ಹೋಗಿ ಭೂಮಿಯನ್ನು ಬಿಸಿ ಮಾಡುತ್ತದೆ. ಮೂರು ವಾರ ಮುಂಚೆ ನೀರು ಬಸಿದರೆ ಅಷ್ಟು ದಿನ ಮಣ್ಣು ಉಸಿರಾಡುತ್ತದೆ. ಒಂದು ಗದ್ದೆಯಿಂದ ಲೋಕ ತಣ್ಣಗಾಗುವುದಿಲ್ಲ, ಗೊತ್ತು. ಆದರೆ ಈ ದೇಶದಲ್ಲಿ ಗದ್ದೆಗಳೇನು ಒಂದೆರಡೇ?

ಇಲ್ಲಿಯವರೆಗಿನ ಪರೀಕ್ಷೆಯೆಲ್ಲ ನಮ್ಮ ಸಂಶೋಧನಾ ಕೇಂದ್ರದ ಬೇಲಿಯೊಳಗೆ, ಬೋರ್‌ವೆಲ್ ನೀರಿನಲ್ಲಿ ನಡೆದದ್ದು. ಈ ಮಳೆಗಾಲದಲ್ಲಿ ಒಂದು ಕೆರೆಯ ಕೆಳಗೆ, ರೈತರ ಗದ್ದೆಯಲ್ಲಿ ಬೆಳೆದು, ತೂಗಿ ತೋರಿಸಬೇಕು. ತೂಕ ಹಳೆಯ ತಳಿಗಿಂತ ಕಡಿಮೆಯಾದರೆ, ಅಥವಾ ತೂಗುವುದಕ್ಕೆ ಬೆಳೆಯೇ ಇಲ್ಲದಿದ್ದರೆ, ಈ ತಳಿಯನ್ನು ಇಲ್ಲಿಗೇ ಕೈಬಿಡುತ್ತಾರೆ. ನನ್ನ ಆರು ವರ್ಷ ಬೀರುವಿಗೆ ಹೋಗುತ್ತದೆ. ಒಪ್ಪಿಕೊಂಡಿದ್ದ ಜಾಗದವರು ಹಿಂದೆ ಸರಿದಿದ್ದಾರೆ.

ನಿಮ್ಮ ತಾಯಿ, ನನ್ನ ದಾದಿ ಮಹಬೂಬ್ ಬಿ ಅವರ ಪಾಲಿನಿಂದ ನಿಮಗೆ ಬಂದ ಒಂದು ಎಕರೆ ಬುಕ್ಕಾಂಬುಧಿ ಕೆರೆಯ ಕೆಳಗಿದೆ. ಕೊಡುತ್ತೀರಾ?

ನಿಮ್ಮ ಮಗಳು (ಇನ್ನೂ ಹೌದು ತಾನೆ?),
ನೂರೈನ್

*

ಅಜ್ಜಂಪುರ
14 ಜೂನ್ 2025

ನೂರೈನ್ ಬೇಟಾ,

ನಿನ್ನ ಪತ್ರ ಬಂತು. ಬಹಳ ಹರಿತವಾಗಿತ್ತು. ಸಸ್ಯಶಾಸ್ತ್ರದವಳ ಪತ್ರವಲ್ಲವೇ, ಪತ್ರಹರಿತ್ತು ಇದ್ದೇ ಇರುತ್ತದೆ.

ನಿನ್ನನ್ನು ಕನ್ನಡ ಎಂ.ಎ. ಓದು ಎಂದೆ. ನೀನು ನಲವತ್ತೊಂಬತ್ತು ಅಕ್ಷರಗಳ ಭಾಷೆ ಬಿಟ್ಟು, ನಾಲ್ಕೇ ಅಕ್ಷರಗಳಲ್ಲಿ ಇಡೀ ಜೀವಲೋಕ ಬರೆದಿದೆಯೆಂದು ಹೇಳುವ ಶಾಸ್ತ್ರಕ್ಕೆ ಹೋದೆ. ಹೋಗಲಿ, ಜಿಪುಣತನವೂ ವಂಶವಾಹಿಯಲ್ಲೇ ಬಂದಿರಬೇಕು. ನಿನ್ನ ಅಮ್ಮಿ ಶಿರೀನ್ ತಾಜ್ ಕಾಗದ ಓದಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಹುಡುಗಿ ಊಟ ಸರಿಯಾಗಿ ಮಾಡ್ತಿದ್ದಾಳಾ ಅಂತ ಎಲ್ಲಿ ಬರ್ದಿದೆ?" ಎಲ್ಲೂ ಬರೆದಿಲ್ಲ. ಇದನ್ನು ತಿದ್ದಿಕೋ.

ಗದ್ದೆ ನನ್ನದಾದರೂ ಕಾಲುವೆ ಊರಿನದು. ನಾನು ಅಜ್ಜಂಪುರದಲ್ಲಿ ಕೂತು ಹೂಂ ಎಂದರೆ ಸಾಲದು. ಸ್ಕೂಟರ್ ಹತ್ತಿ ಹೋದೆ. ಕೆರೆ ಏರಿಯ ಮೇಲೆ ನಮ್ಮ ಕಾಲುವೆಯವರೆಲ್ಲ ಸೇರಿದರು. ತಲೆಗದ್ದೆಯ ಕರಿಸಿದ್ದಪ್ಪ ಗೊತ್ತಲ್ಲ, ಕಾಲುವೆಯ ಮೊದಲ ನೀರು ಅವನದು, ಮೊದಲ ಮಾತೂ ಅವನದೇ.

"ಮೇಷ್ಟ್ರೇ, ಪೇಪರ್ನಾಗೆ ಕುಲಾಂತರಿ ಅಂತ ಬರೀತಾರಲ್ಲ, ಏನ್ರೀ ಅದು? ಭತ್ತ ಮನೆಬಿಟ್ಟು ಓಡೋಗಿ ಮದ್ವೆ ಆಗೋದಾ?"

"ಇದು ಕುಲಾಂತರಿ ಅಲ್ಲ ಕಣ್ರೀ. ಹುಡುಗಿ ಅದೇ, ಮನೆ ಅದೇ. ಕನ್ನಡಿ ಮುಂದೆ ನಿಲ್ಸಿ ಸೆರಗು ಸ್ವಲ್ಪ ಸರಿ ಮಾಡಿದ್ದಾರೆ."

"ಕುಲಾಂತರ ಅಲ್ದಿದ್ರೆ ಸರಿ, ಅವಾಂತರ ಆಗ್ದಿದ್ರೆ ಸಾಕು" ಎಂದ. ನೋಡು, ಮೂವತ್ತು ವರ್ಷ ಪದಗಳ ಜೊತೆ ಆಡಿದವನ ಮುಂದೆಯೇ ಆಟ ಗೆದ್ದ.

ನೀರುಗಂಟಿ ಬೀರಯ್ಯ, ತೂಬು ಎತ್ತಿ ಇಳಿಸುವವನು, ತನ್ನ ಷರತ್ತು ಹೇಳಿದ: "ನೀರು ಬಿಟ್ ದಿನ್ವೇ ನಾಟಿ ಆಗ್ಬೇಕು. ನಿಮ್ ಭತ್ತಕ್ಕೊಂದು ಪಂಚಾಂಗ, ಊರ್ ಭತ್ತಕ್ಕೊಂದು ಪಂಚಾಂಗ ನಾನ್ ಇಟ್ಕಳಲ್ಲ." ಕಾಲುವೆಯ ಬಾಲದಲ್ಲಿ ಗದ್ದೆಯಿರುವ ತೀರ್ಥಮ್ಮ ಕೊನೆಯಲ್ಲಿ ಬಾಯಿಬಿಟ್ಟಳು. "ಮೂರ್ ವಾರ ಮುಂಚೆ ಮಾಗಿದ್ರೆ ನಿಮ್ಗೆ ಅನ್ನ ಮುಂಚೆ. ನಮ್ಗೇನ್ ಬಂತು?" ಪಾಪ, ಅವಳ ಗದ್ದೆಗೆ ಯಾವ ವರ್ಷವೂ ಕೊನೆಯ ನೀರು ತಲುಪುವುದಿಲ್ಲ. ಕಾಳು ಕಟ್ಟುವ ಹೊತ್ತಿಗೆ ಕಾಲುವೆ ಒಣಗಿ ಅರ್ಧ ಬರೀ ಜೊಳ್ಳು. ಅವಳ ಪ್ರಶ್ನೆಯನ್ನು ನಿನಗೆ ಬರೆದು ಕಳಿಸುತ್ತೇನೆ ಎಂದೆ. ಉತ್ತರ ನಿನ್ನ ಹತ್ತಿರ ಇದೆಯೇ?

ಎದ್ದು ಬರುವಾಗ ಕರಿಸಿದ್ದಪ್ಪನಿಗೆ ತಟ್ಟನೆ ಹೊಳೆಯಿತು. ನಮ್ಮ ಕಾಲುವೆಯಲ್ಲಿ ಯಾರ ಗದ್ದೆ ಮೊದಲು ಕೊಯ್ಲಾಗುತ್ತದೋ ಅವರು ತೂಬಿನ ಕಟ್ಟೆಯ ಮೇಲೆ ಎಲ್ಲರಿಗೂ ಹೊಸಕ್ಕಿ ಪಾಯಸ ಹಾಕಬೇಕು. ನನಗೆ ತಿಳಿದಂತೆ ಆ ಮರ್ಯಾದೆ ಅವನ ಮನೆ ದಾಟಿ ಹೋದದ್ದೇ ಇಲ್ಲ. "ಅಲ್ಲಾ ಮೇಷ್ಟ್ರೇ, ನಿಮ್ದು ಮೊದ್ಲು ಮಾಗಿದ್ರೆ ನಮ್ ಪಾಯ್ಸದ ಗತಿ ಏನು?" ತಮಾಷೆಗೆ ಕೇಳಿದ. ಮುಖದಲ್ಲಿ ತಮಾಷೆ ಇರಲಿಲ್ಲ.

ಗದ್ದೆ ಕೊಟ್ಟಿದ್ದೇನೆ. ಒಪ್ಪಿ ಕೊಟ್ಟೆ ಎಂದು ತಿಳಿಯಬೇಡ. ಸೋತು ಕೊಟ್ಟಿದ್ದೇನೆ.

ನಿನ್ನ ಅಬ್ಬಾ,
ಖಲಂದರ್
(ನಿವೃತ್ತ ಕನ್ನಡ ಉಪನ್ಯಾಸಕ, ಹಾಲಿ ಗದ್ದೆ ಕಳೆದುಕೊಂಡವನು)

*

ಹೈದರಾಬಾದ್
28 ಜೂನ್ 2025

ಪ್ರೀತಿಯ ಅಬ್ಬಾ,

ಊಟ ಸರಿಯಾಗಿ ಮಾಡುತ್ತಿದ್ದೇನೆ. ಅಮ್ಮಿಗೆ ಈ ಸಾಲನ್ನು ಎರಡು ಸಲ ಓದಿ ಹೇಳಿ.

ಬಿತ್ತನೆ ಬೀಜ, ಅನಿಲ ಹಿಡಿಯುವ ಪಾರದರ್ಶಕ ಪೆಟ್ಟಿಗೆಗಳು, ಸಿರಿಂಜುಗಳು ಜೀಪಿನಲ್ಲಿ ಬರುತ್ತವೆ. ಎಕರೆಯ ಮುಕ್ಕಾಲು ಭಾಗ ಹೊಸ ತಳಿ, ಕಾಲು ಭಾಗ ನಿಮ್ಮ ಹಳೆಯ ತಳಿ, ನಡುವೆ ಬದು. ಹೋಲಿಸಲು ಎರಡೂ ಬೇಕು.

ಎರಡು ನಿಯಮ ಮುಖ್ಯ. ಒಂದು, ಅನುಮತಿ ಸಿಗುವವರೆಗೆ ಹೊಸ ತಳಿಯ ಒಂದು ಕಾಳೂ ಯಾರ ಮನೆಗೂ, ಯಾರ ಬಾಯಿಗೂ ಹೋಗುವಂತಿಲ್ಲ. ತೂಗಿ, ಮೊಹರು ಹಾಕಿ ಕೊಡಬೇಕು. ಪಾಯಸಕ್ಕೂ ಇದರಲ್ಲಿ ವಿನಾಯಿತಿ ಇಲ್ಲ, ನಿಯಮ ನಿಯಮವೇ. ಇನ್ನೊಂದು, ಬೇರೆ ಸಂಸ್ಥೆಯವರು ಬಂದು ತೂಗುತ್ತಾರೆ. ತಳಿ ಮಾಡಿದವಳು ನಾನು, ಗದ್ದೆ ನನ್ನ ಅಪ್ಪನದು. ಆದ್ದರಿಂದ ಕೊಯ್ಲಿನ ದಿನ ನಾನು ಅಲ್ಲಿ ಇರುವಂತಿಲ್ಲ. ಅದನ್ನು ನಾನೇ ಕೇಳಿ ಬರೆಸಿದ್ದೇನೆ. ನಾಳೆ ಯಾರೂ "ಮನೆ ತಕ್ಕಡಿ" ಎನ್ನಬಾರದು.

ತೀರ್ಥಮ್ಮನ ಪ್ರಶ್ನೆಯನ್ನು ನಮ್ಮ ಪರೀಕ್ಷೆಯ ನಮೂನೆಯಲ್ಲಿ, ನಾವು ತುಂಬುವ ಫಾರಂನಲ್ಲಿ, ಹುಡುಕಿದೆ. ಅಲ್ಲಿ ಅದಕ್ಕೆ ಜಾಗವೇ ಇಲ್ಲ.

ಪ್ರೀತಿಯಿಂದ,
ನೂರೈನ್

*

ಅಜ್ಜಂಪುರ
19 ಸೆಪ್ಟೆಂಬರ್ 2025

ನೂರೈನ್ ಬೇಟಾ,

ನಾಟಿಯಾಗಿ ತಿಂಗಳ ಮೇಲಾಯಿತು. ಕೆಮ್ಮಣ್ಣುಗುಂಡಿ ಕಡೆಯಿಂದ ತಣ್ಣನೆ ಗಾಳಿ ಬೀಸಿದಾಗ ಇಡೀ ಬಯಲು ಒಂದೇ ಹಸಿರಾಗಿ ಬಾಗುತ್ತದೆ. ಯಾವುದು ನಿನ್ನದು, ಯಾವುದು ನನ್ನದು, ಯಾವುದು ಕರಿಸಿದ್ದಪ್ಪನದು ಎಂದು ಗುರುತಿಸಲು ನನ್ನಿಂದ ಆಗುವುದಿಲ್ಲ. ಮನುಷ್ಯರಿಗೂ ಹೀಗೊಂದು ಬಣ್ಣ ಬಳಿಯುವ ತಿದ್ದುಪಡಿ ನಿಮ್ಮ ಕೇಂದ್ರದಲ್ಲಿ ಸಿಗುತ್ತದೆಯೇ ವಿಚಾರಿಸು.

ನಿನ್ನ ಪೆಟ್ಟಿಗೆಗಳ ಪುರಾಣ ಕೇಳು. ವಾರಕ್ಕೊಮ್ಮೆ ಬೆಳಿಗ್ಗೆ ಭತ್ತದ ಬುಡಕ್ಕೆ ಪೆಟ್ಟಿಗೆ ಮುಚ್ಚಿ, ಸ್ವಲ್ಪ ಹೊತ್ತು ಕಾದು, ಸಿರಿಂಜಿನಲ್ಲಿ ಒಳಗಿನ ಗಾಳಿ ಎಳೆದು ಸೀಸೆಗೆ ತುಂಬುತ್ತೇನೆ. ಸಕ್ಕರೆ ಕಾಯಿಲೆಯವನಿಗೆ ಸೂಜಿ ಹಳೆಯ ಸ್ನೇಹಿತ. ಆದರೆ ಊರಿಗೆ ಇದು ಹೊಸದು. ಮೊದಲ ದಿನವೇ ಸುದ್ದಿ ಹಬ್ಬಿತು: ಮೇಷ್ಟ್ರು ಭತ್ತಕ್ಕೆ ಇಂಜೆಕ್ಷನ್ ಕೊಡ್ತಾರೆ. ಕರಿಸಿದ್ದಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ವಿಚಾರಣೆ ಶುರು ಮಾಡಿದ.

"ಕೊಡ್ತಿಲ್ಲ ಕಣ್ರೀ, ಎಳ್ಕೊಳ್ತಿದೀನಿ. ಗದ್ದೆ ಬಿಡೋ ಗಾಳಿ."

"ಗದ್ದೆ ಗಾಳಿ ಬಿಡ್ತದಾ? ಅದಕ್ಕೂ ಹೊಟ್ಟೆ ಉಬ್ಬರಾನಾ?"

"ಹೂಂ. ಕೆಸರೊಳಗೆ ಅಜೀರ್ಣ."

"ಅಯ್ಯೋ ನಿಮ್ಮ! ಇಷ್ಟ್ ಓದಿ, ಇಷ್ಟ್ ವರ್ಷ ಪಾಠ ಮಾಡಿ, ಕೊನೀಗೆ ಸೀಸೇಲಿ ಹೂಸು ಹಿಡಿಯೋಕೆ ಬಂದ್ರಾ ಮೇಷ್ಟ್ರೇ!"

ಬಯಲಿಡೀ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು ನಿನ್ನ ಅಮ್ಮಿಗೆ ಆ ಅನಿಲದ ಹೆಸರು ಮೀಥೇನ್ ಎಂದರೆ, "ಮೀಠಾ ಏನ್ರೀ? ನಿಮ್ಗೆ ಮೀಠಾ ಮುಟ್ಬೇಡಿ ಅಂತ ಡಾಕ್ಟರ್ ಹೇಳಿಲ್ವಾ?" ಎಂದಳು. ಈ ಮನೆಯಲ್ಲಿ ವಿಜ್ಞಾನ ಬೆಳೆಯುವುದು ಕಷ್ಟ.

ಒಂದು ಗುಟ್ಟು. ಮೊನ್ನೆ ಕರಿಸಿದ್ದಪ್ಪನ ಬೀಗರು ಬಂದಿದ್ದರಂತೆ. ನನ್ನ ಗದ್ದೆಯ ಕಡೆ ಕೈ ತೋರಿಸಿ ಅವರಿಗೆ ವಿವರಿಸುತ್ತಿದ್ದ: "ಅಗೋ, ಅದು ಹೈದರಾಬಾದ್ ಭತ್ತ. ನಮ್ ಕಾಲ್ವೇದೇ ನೀರು." ನೀರು ಎನ್ನುವಾಗ ಎದೆ ಎಷ್ಟು ಉಬ್ಬಿತ್ತು ಎಂದರೆ ಅಲ್ಲೂ ಒಂದು ಪೆಟ್ಟಿಗೆ ಮುಚ್ಚಿ ಅಳೆಯಬೇಕೆನಿಸಿತು.

ಸರದಿ ಕಾದು ಕಾದು ನನಗೆ ಸರ್ದಿ ಆಗಿದೆ. ಗಾಬರಿ ಬೇಡ. ಕಷಾಯ ನಡೆಯುತ್ತಿದೆ.

ನಿನ್ನ ಅಬ್ಬಾ,
ಖಲಂದರ್
(ಅಧಿಕೃತ ಗ್ಯಾಸ್ ವಿತರಕ)

*

ಅಜ್ಜಂಪುರ
28 ಅಕ್ಟೋಬರ್ 2025

ನೂರೈನ್,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಮೊದಲು ಚೆಂದದ ಸುದ್ದಿ. ನಿನ್ನ ಭತ್ತ ಮಾಗಿದೆ. ಬಯಲು ಪೂರ್ತಿ ಹಸಿರು, ಎಲ್ಲರದೂ ಇನ್ನೂ ಹಾಲುಗಾಳು, ನಡುವೆ ನಮ್ಮ ಮುಕ್ಕಾಲು ಎಕರೆ ಮಾತ್ರ ಬಂಗಾರ. ಏರಿಯ ಮೇಲೆ ಹೋಗುವ ಬಸ್ಸು ನಿಧಾನ ಮಾಡುತ್ತದೆ, ಡ್ರೈವರ್ ಕತ್ತು ತಿರುಗಿಸುತ್ತಾನೆ. ತರೀಕೆರೆಯಿಂದ ನನ್ನ ಹಳೆಯ ವಿದ್ಯಾರ್ಥಿಗಳು ಬಂದು ಅದರ ಮುಂದೆ ಫೋಟೋ ತೆಗೆಸಿಕೊಂಡು ಹೋದರು. ನನ್ನ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ಯಾರೂ ಇಲ್ಲ.

ಇನ್ನು ಮಿಕ್ಕ ಸುದ್ದಿ. ಆ ಬಂಗಾರ ಬಸ್ಸಿನವರಿಗೆ ಮಾತ್ರ ಕಾಣುತ್ತದೆಯೇ? ಬಯಲಿನಲ್ಲಿ ಮಾಗಿದ ಗದ್ದೆ ಅದೊಂದೇ. ಊರೆಲ್ಲ ಒಟ್ಟಿಗೆ ಮಾಗಿದಾಗ ಹಕ್ಕಿಗಳು ಎಲ್ಲರ ಮನೆಯಲ್ಲೂ ತುತ್ತು ತುತ್ತು ತಿಂದು ಹೋಗುತ್ತವೆ, ಯಾರಿಗೂ ಲೆಕ್ಕಕ್ಕೆ ಬರುವುದಿಲ್ಲ. ಈಗ ಗಿಳಿ, ಗೀಜಗ, ಗುಬ್ಬಚ್ಚಿ, ಹೆಸರು ಗೊತ್ತಿಲ್ಲದ ಸಣ್ಣ ಹಕ್ಕಿಗಳು, ಸುತ್ತಲಿನ ಸಮಸ್ತ ಪಕ್ಷಿಸಂಕುಲಕ್ಕೆ ಒಂದೇ ಹೋಟೆಲು. ನಿನ್ನ ದಪ್ಪ ಸೂಚನೆಗಳ ಕಂತೆಯನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಹುಳ ಇದೆ, ರೋಗ ಇದೆ, ಇಲಿಯೂ ಇದೆ. ಹಕ್ಕಿ ಇಲ್ಲ. ನೀನೂ ಮರೆತೆ, ನಾನೂ ಯೋಚಿಸಲಿಲ್ಲ.

ಅಟ್ಟದಲ್ಲಿದ್ದ ನನ್ನ ಉಪನ್ಯಾಸಗಳ ಹಳೆಯ ಕ್ಯಾಸೆಟ್ಟುಗಳ ರೀಲು ಬಿಚ್ಚಿ ಗದ್ದೆಯ ಸುತ್ತ ಕಟ್ಟಿದೆ. ಬಿಸಿಲಿಗೆ ಹೊಳೆದು ಗಾಳಿಗೆ ಗುಂಯ್‌ಗುಟ್ಟಿದರೆ ಹಕ್ಕಿಗಳು ಹೆದರುತ್ತವಂತೆ. ತರಗತಿಯಲ್ಲಿ ಆ ಉಪನ್ಯಾಸ ಕೇಳಿ ಎದ್ದು ಹೋಗುತ್ತಿದ್ದವರು ಎಷ್ಟು ಜನ! ಗಿಳಿಗಳು ಮಾತ್ರ ಕೂತು ಕೇಳುತ್ತಿವೆ, ತಿನ್ನುತ್ತಾ.

ತೂಗುವವರು ಬರುವುದು ನವೆಂಬರ್ ಹನ್ನೊಂದಕ್ಕೆ. ಅಲ್ಲಿಯವರೆಗೆ ತೆನೆಯಲ್ಲಿ ಕಾಳು ಉಳಿಯಬೇಕು. ಇವತ್ತೇ ಫೋನು ಮಾಡುತ್ತೇನೆ. ಕಾಗದ ಆಮೇಲೆ ತಲುಪಲಿ.

ಅಬ್ಬಾ

*

ಹೈದರಾಬಾದ್
31 ಅಕ್ಟೋಬರ್ 2025

ಅಬ್ಬಾ,

ಮೊನ್ನೆ ಫೋನಿನಲ್ಲಿ ಕಿರುಚಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮೇಲಲ್ಲ, ನನ್ನ ಮೇಲೆ ಕಿರುಚಿದ್ದು. ಇಲ್ಲಿ ಗದ್ದೆಗಳ ಮೇಲೆ ವರ್ಷವಿಡೀ ಬಲೆ. ಆರು ವರ್ಷ ಅದರ ಕೆಳಗೇ ಓಡಾಡಿ ಅದು ಬಲೆ ಎಂಬುದೇ ಮರೆತುಹೋಗಿತ್ತು, ಆಕಾಶ ಅಂದುಕೊಂಡುಬಿಟ್ಟಿದ್ದೆ.

ಬಲೆಗೆ ಬರೆದುಕೊಟ್ಟಿದ್ದೇನೆ. ಮಂಜೂರಾಗಿ, ಖರೀದಿಯಾಗಿ, ಅಲ್ಲಿಗೆ ತಲುಪುವ ಹೊತ್ತಿಗೆ ಹುಲ್ಲಿನ ಮೇಲೆ ಹೊದಿಸಬೇಕಾಗುತ್ತದೆ. ನನ್ನ ಮೇಲಿನವರು ಹೇಳಿದರು, "ಬಿಡಮ್ಮಾ, ಈ ಜಾಗ ಹೋಯಿತು ಎಂದು ಬರೆದುಬಿಡು." ಹೋದ ಜಾಗಕ್ಕೆ ತೂಕವಿಲ್ಲ. ತೂಕವಿಲ್ಲದ ತಳಿಗೆ ಮುಂದಿನ ವರ್ಷವಿಲ್ಲ. ಆದರೆ ನಿಮ್ಮ ವಯಸ್ಸಿನಲ್ಲಿ, ಆ ಸರ್ದಿಯಲ್ಲಿ, ನೀವೂ ಅಮ್ಮಿಯೂ ಬಿಸಿಲಿನಲ್ಲಿ ನಿಂತು ಗಿಳಿ ಓಡಿಸುವುದು ನನಗೆ ಬೇಡ. ಬಿಟ್ಟುಬಿಡಿ ಅಬ್ಬಾ. ನಿಜವಾಗಿ ಹೇಳುತ್ತಿದ್ದೇನೆ. ನಿಮಗೆ ಮೊದಲಿಂದಲೂ ಇದು ಇಷ್ಟವಿರಲಿಲ್ಲ. ನನಗಾಗಿ ಮಾಡಿದಿರಿ, ಅಷ್ಟು ಸಾಕು.

ಒಂದು ಮಾತ್ರ ಹೇಳಿಬಿಡುತ್ತೇನೆ. ಅದು ಮಾಗಿತಲ್ಲ ಅಬ್ಬಾ. ಬೇಲಿಯ ಹೊರಗೆ, ಕೆರೆಯ ನೀರಿನಲ್ಲಿ, ಹೇಳಿದ ಹೊತ್ತಿಗೆ ಸರಿಯಾಗಿ.

ನೂರೈನ್

*

ಅಜ್ಜಂಪುರ
16 ನವೆಂಬರ್ 2025

ನೂರೈನ್ ಬೇಟಾ,

ನಿನ್ನ "ಬಿಟ್ಟುಬಿಡಿ" ತಲುಪಿತು. ಬಿಡುವುದು ನನಗೆ ಮೊದಲಿಂದಲೂ ಬರುವುದಿಲ್ಲ. ನನ್ನ ಬೀಡಿ ಬಿಡಿಸಲು ನಿನ್ನ ಅಮ್ಮಿಗೆ ಇಪ್ಪತ್ತು ವರ್ಷ ಹಿಡಿಯಿತು. ಆಮೇಲೆ ಫೋನಿನಲ್ಲಿ ನಿನಗೆ ಏನೂ ಹೇಳಲಿಲ್ಲ, ಬೇಕೆಂದೇ. ಈಗ ನಿಧಾನವಾಗಿ ಕೂತು ಹೇಳುತ್ತೇನೆ, ನಡುವೆ ಬಾಯಿ ಹಾಕಲು ನಿನಗೆ ಆಗಬಾರದು.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಬುಕ್ಕಾಂಬುಧಿಗೆ ಹೋದೆ. ಗದ್ದೆ ಒಣಗಿಸಲು ನೀರು ನಿಲ್ಲಿಸಿ ಬದು ಕಟ್ಟುತ್ತಿದ್ದೆ. ತೀರ್ಥಮ್ಮ ಕೆಳಗಿನಿಂದ ಬಂದು ನಿಂತಳು.

"ನಿಮ್ಗೆ ನೀರು ಬ್ಯಾಡ್ವಾ ಮೇಷ್ಟ್ರೇ?"

"ಬೇಡಮ್ಮ. ಮಾಗಿದೆ, ಇನ್ನು ಒಣಗ್ಬೇಕು."

"ಮತ್ತೆ ನಿಮ್ ಸರದಿ ನೀರು?"

ಅಲ್ಲಿ ಹೊಳೆಯಿತು. ಹೊಳೆದದ್ದು ನನಗೋ ಅವಳಿಗೋ ಹೇಳಲಾರೆ, ಇಬ್ಬರೂ ಒಟ್ಟಿಗೇ ಬಾಯಿಬಿಟ್ಟೆವು. ಅವಳ ಭತ್ತ ಆಗ ಕಾಳು ಕಟ್ಟುತ್ತಿತ್ತು. ಪ್ರತಿ ವರ್ಷ ಸರಿಯಾಗಿ ಆಗಲೇ ಅವಳಿಗೆ ನೀರು ತಪ್ಪುವುದು. ನನ್ನ ಮುಕ್ಕಾಲು ಎಕರೆಯ ಸರದಿ ಮೂರು ವಾರ ಖಾಲಿ. ಜೂನ್ ತಿಂಗಳಲ್ಲಿ ಅವಳು ಕೇಳಿದ್ದ ಪ್ರಶ್ನೆಗೆ ಉತ್ತರ ನಮ್ಮಿಬ್ಬರ ಕಾಲಬುಡದಲ್ಲೇ ಹರಿಯುತ್ತಿತ್ತು.

ಆದರೆ ಒಂದು ತೊಡಕು. ಕಾಲುವೆಯ ಕಟ್ಟಳೆ ಪ್ರಕಾರ ಯಾರಿಗಾದರೂ ಸರದಿ ಬೇಡವಾದರೆ ಆ ನೀರು ಮೇಲಕ್ಕೆ, ತಲೆಗದ್ದೆಗೆ ವಾಪಸ್ಸು. ಅಂದರೆ ಕರಿಸಿದ್ದಪ್ಪನಿಗೆ. ಎಲ್ಲರನ್ನೂ ತೂಬಿನ ಕಟ್ಟೆಗೆ ಕರೆಸಿದೆ. ನಾಟಿಯಲ್ಲಿ, ಕಳೆಯಲ್ಲಿ ನಾವು ಮುಯ್ಯಾಳು ಮಾಡುವುದಿಲ್ಲವೇ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂದು? ಅದೇ ಲೆಕ್ಕ ಹೇಳಿದೆ. "ನನ್ನ ನೀರಿನ ಹಕ್ಕು ಬಾಲದವರಿಗೆ. ಬಾಲದವರು ನನ್ನ ಹಕ್ಕಿ ಓಡಿಸಲಿ. ಹಕ್ಕಿಗೆ ಹಕ್ಕು, ಮುಯ್ಯಿಗೆ ಮುಯ್ಯಿ."

ಬೀರಯ್ಯ ತಲೆ ಕೆರೆದುಕೊಂಡ. "ಕಟ್ಲೆ ಮುರ್ಯೋಕೆ ನಾನ್ಯಾರು? ತಲೆಗದ್ದೆಯೋರು ಹೂಂ ಅನ್ಬೇಕು."

ಎಲ್ಲರೂ ಕರಿಸಿದ್ದಪ್ಪನನ್ನು ನೋಡಿದರು. ಅವನು ನಮ್ಮ ಗದ್ದೆಯನ್ನು ನೋಡಿದ. ಒಂದು ಗಿಳಿಹಿಂಡು ಇಳಿಯಿತು, ನನ್ನ ಹಳಗನ್ನಡದ ರೀಲಿನ ಮೇಲೇ.

"ತೂಗೋರು ಎಲ್ಲಿಂದ ಬತ್ತಾರೆ?"

"ದೂರದಿಂದ. ಕಡೂರಲ್ಲಿ ರೈಲಿಳಿದು ಬರ್ತಾರೆ."

"ಅವ್ರು ಬಂದಾಗ ಬರೀ ಹುಲ್ಲು ನಿಂತಿದ್ರೆ ಏನ್ ಬರ್ಕೊಂಡ್ ಹೋಗ್ತಾರೆ? ಬುಕ್ಕಾಂಬುಧಿ ಕಾಲ್ವೇಲಿ ಬೆಳೀಲಿಲ್ಲ ಅಂತ ತಾನೆ? ನಿಮ್ ಮಗ್ಳ ಹೆಸ್ರು ಅಲ್ಲ ಮೇಷ್ಟ್ರೇ ಹೋಗೋದು, ನಮ್ ಕೆರೆ ಹೆಸ್ರು!" ಬೀರಯ್ಯನ ಕಡೆ ತಿರುಗಿದ. "ಲೇ, ನೀರು ಕೆಳೀಕೆ ಬಿಡೋ. ಕೆರೆ ನೀರು ಕುಡ್ದ್ ಭತ್ತ ಹಕ್ಕಿ ಬಾಯಿಗ್ ಹೋಗ್ಬಾರ್ದು."

ಮರುದಿನದಿಂದ ಏನು ಹೇಳಲಿ! ತೀರ್ಥಮ್ಮ ಸ್ಟೀಲ್ ತಟ್ಟೆ ಬಡಿಯುತ್ತಾಳೆ, ಅವಳ ನೆರೆಯವರು ಕವಣೆ ಬೀಸುತ್ತಾರೆ, ನಿನ್ನ ಅಮ್ಮಿ ಕುಕ್ಕರ್ ಮುಚ್ಚಳ ತಂದು ಸೌಟಿನಲ್ಲಿ ಹೊಡೆದಳು. ಸಂಜೆ ಹೊತ್ತಿಗೆ ಮುಚ್ಚಳ ಸೊಟ್ಟ. ಬಂದು ಹೋಗುವವರೆಲ್ಲ ಒಂದು ಕೂಗು ಹಾಕಿಯೇ ಹೋಗುವರು. ಕರಿಸಿದ್ದಪ್ಪನಿಗೆ ಮುಯ್ಯಿಯ ಹಂಗಿಲ್ಲ, ಆದರೂ ಬೆಳಗಿನ ಹೊತ್ತು ಅವನೇ. ಕೇಳಿದರೆ, "ನನ್ ಗದ್ದೆ ನೋಡೋಕೆ ಬಂದೆ" ಎನ್ನುತ್ತಾನೆ, ಬೆನ್ನು ತನ್ನ ಗದ್ದೆಗೆ ಹಾಕಿಕೊಂಡು.

ಹನ್ನೊಂದಕ್ಕೆ ಇಬ್ಬರು ಬಂದರು. ರಘುನಾಥ್ ಎಂಬ ಗಂಭೀರ ಅಧಿಕಾರಿ, ಜೊತೆಗೊಬ್ಬರು. ಕೊಯ್ದರು, ಬಡಿದರು, ತೂರಿದರು, ಎರಡು ತಳಿಯನ್ನೂ ಬೇರೆ ಬೇರೆ ತೂಗಿದರು. ಹಳೆಯ ತಳಿ ಇನ್ನೂ ಹಸಿರು, ಅದನ್ನು ಡಿಸೆಂಬರಿನಲ್ಲಿ ಬಂದು ತೂಗುತ್ತೇವೆ ಎಂದಾಗ ಕರಿಸಿದ್ದಪ್ಪನಿಗೆ ಖುಷಿಯೋ ಖುಷಿ: "ಬನ್ನಿ ಬನ್ನಿ, ಅಷ್ಟರಲ್ಲಿ ನಮ್ದೂ ಮಾಗಿರ್ತದೆ, ಅದ್ನೂ ತೂಗಿ." (ಈಗಷ್ಟೇ ಎರಡನ್ನೂ ತೂಗಿದರು ಎಂದು ಬರೆದದ್ದು ನನ್ನ ತಪ್ಪು. ಹೊಸದನ್ನು ಮಾತ್ರ ತೂಗಿದರು. ಉತ್ಸಾಹದಲ್ಲಿ ಪೆನ್ನು ಡಿಸೆಂಬರಿಗೆ ಓಡಿತು.) ತೂಕವೆಷ್ಟು ಎಂದು ನಮಗೆ ಹೇಳಲಿಲ್ಲ. ಚೀಲಗಳಿಗೆ ಮೊಹರು ಬಿತ್ತು. ತೀರ್ಥಮ್ಮ ಸೆರಗೊಡ್ಡಿ, "ಬೀಜಕ್ಕೆ ಒಂದ್ ಹಿಡಿ ಮೇಷ್ಟ್ರೇ" ಎಂದಳು. ಕೊಡಲಾಗಲಿಲ್ಲ. ಸೆರಗನ್ನು ಖಾಲಿ ಮಡಚಿಕೊಳ್ಳುವುದನ್ನು ನೋಡುವುದು ನನಗೆ ಸುಲಭವಾಗಿರಲಿಲ್ಲ.

ಕೊನೆಗೆ ಪಾಯಸ ಬಂತು ನೋಡು, ಪೇಚಿನ ರೂಪದಲ್ಲಿ. ಮೊದಲು ಕೊಯ್ದವನು ನಾನು. ಪಾಯಸ ನನ್ನದು. ಅಕ್ಕಿ ಮುಟ್ಟುವಂತಿಲ್ಲ. ತಲೆ ತಗ್ಗಿಸಿ ಕರಿಸಿದ್ದಪ್ಪನಿಗೆ ಹೇಳಿದೆ, "ಈ ವರ್ಷವೂ ಮರ್ಯಾದೆ ನಿಮ್ಮನೇಲೇ ಇರ್ಲಿ."

"ಅದೆಂಗಾಯ್ತದೆ? ಮೊದ್ಲು ಮಾಗಿದ್ದು ನಿಮ್ದು. ಸುಳ್ಳು ಪಾಯ್ಸ ನಾನ್ ಹಾಕಲ್ಲ." ಮನೆಗೆ ಹೋಗಿ ಕಳೆದ ಸಲದ ತನ್ನ ಅಕ್ಕಿ ಹೊತ್ತುಕೊಂಡು ಬಂದ. "ಅಕ್ಕಿ ನಂದು, ಹೆಸ್ರು ನಿಮ್ದು. ಹಾಕ್ರಮ್ಮ ಬೆಲ್ಲಾನ."

ನಿನ್ನ ಅಮ್ಮಿ ಕಟ್ಟೆಯ ಮೇಲೆ ಬೇಯಿಸಿದಳು. ರಘುನಾಥ್ ಅವರು ಲೋಟ ಹಿಡಿದು ಸಂಶಯದಿಂದ, "ಇದು ಯಾವ ಅಕ್ಕಿ?" ಎಂದು ಕೇಳಿದರು. ಇಡೀ ಕಾಲುವೆ ಒಂದೇ ದನಿಯಲ್ಲಿ "ಹಳೇದು ಸಾರ್!" ಎಂದಿತು. ನಾನು ಅರ್ಧ ಲೋಟ ಕುಡಿದೆ. ಡಾಕ್ಟರಿಗೆ ಹೇಳಬೇಡ.

ಹೋಗುವ ಮುಂಚೆ ಅವರು ಕಾಗದ ತೆಗೆದು ರೈತರ ಹೆಸರು ಕೇಳಿದರು. ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಬೀರಯ್ಯ ನುಗ್ಗಿದ: "ನೂರೈನ್ ಅಪ್ಪ ಅಂತ ಬರ್ಕಳಿ ಸಾರ್. ಇಲ್ಲಿ ಯಾರ್ನ್ ಕೇಳಿದ್ರೂ ತೋರುಸ್ತಾರೆ."

ಕೇಳಿದೆಯಾ? ಮೂವತ್ತು ವರ್ಷ ಈ ಮೂರು ಊರುಗಳಲ್ಲಿ ಮೇಷ್ಟ್ರು ಎನಿಸಿಕೊಂಡವನಿಗೆ ಒಂದೇ ಫಸಲಿನಲ್ಲಿ ಹಿಂಬಡ್ತಿ!

ನಿನ್ನ ಅಬ್ಬಾ,
ಖಲಂದರ್ ಮೇಷ್ಟ್ರು (ಮತ್ತೆ ಹೇಳುತ್ತೇನೆ, ಮೇಷ್ಟ್ರು)

*

ಹೈದರಾಬಾದ್
12 ಜನವರಿ 2026

ಪ್ರೀತಿಯ ಅಬ್ಬಾ,

ಇವತ್ತು ಸಭೆ ನಡೆಯಿತು. ಫೋನು ಮಾಡಲು ಹೋಗಿ ಕೈ ತಡೆದೆ. ಇದನ್ನು ನೀವು ಓದಬೇಕು, ಕೇಳಬಾರದು.

ಹೊಸ ತಳಿಯ ತೂಕ ಹಳೆಯದಕ್ಕೆ ಸರಿಸಮ ಬಂದಿದೆ, ಹಕ್ಕಿಗಳು ತಿಂದದ್ದನ್ನು ಬಿಟ್ಟು. ನೀವು ಸೀಸೆಗೆ ತುಂಬಿದ ಗಾಳಿಯ ಲೆಕ್ಕವೂ ಬಂದಿದೆ. ನೀರು ನಿಂತಿರುವವರೆಗೆ ಎರಡು ಕಡೆಯೂ ಹೆಚ್ಚು ವ್ಯತ್ಯಾಸವಿಲ್ಲ. ಬಸಿದ ಮೇಲೆ ಹೊಸ ತಳಿಯ ಕಡೆ ಮಣ್ಣು ಬಾಯಿ ಮುಚ್ಚಿದೆ, ಹಳೆಯದರ ಕಡೆ ಮೂರು ವಾರ ಇನ್ನೂ ಬಿಡುತ್ತಲೇ ಇದೆ. ಒಟ್ಟು ಫಸಲಿನಲ್ಲಿ ಮೀಥೇನ್ ಕಡಿಮೆ. ಒಂದು ಊರು, ಒಂದು ವರ್ಷ. ಇನ್ನೂ ಎಷ್ಟೋ ಗದ್ದೆಗಳಲ್ಲಿ ತೂಗಬೇಕು, ಕುಣಿಯುವ ಹೊತ್ತಲ್ಲ. ಆದರೂ ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಸ್ವಲ್ಪ ಕುಣಿದೆ. ಯಾರೂ ನೋಡಲಿಲ್ಲ.

ತಳಿ ಮುಂದಿನ ಹಂತಕ್ಕೆ ಹೋಗುತ್ತದೆ. ಈ ಮಳೆಗಾಲ ಬೇರೆ ಬೇರೆ ಕೆರೆಗಳ ಕೆಳಗೆ.

ಸಭೆಯಲ್ಲಿ ಒಬ್ಬರು ಕೇಳಿದರು, ಬಲೆಯಿಲ್ಲದೆ ಒಂಟಿಯಾಗಿ ಮಾಗಿದ ಗದ್ದೆ ಹೇಗೆ ಉಳಿಯಿತು ಎಂದು. ನಾನು ಎದ್ದು ಹೇಳಿದೆ: ಅದರ ಉಳಿದ ನೀರು ಕಾಲುವೆಯ ಬಾಲಕ್ಕೆ ಹೋಯಿತು, ಬಾಲದವರು ಕಾವಲಿಗೆ ಬಂದರು. ಬೇಗ ಮಾಗುವುದರಿಂದ ಗಾಳಿಗೆ ಏನು ಲಾಭ ಎಂದು ಆರು ವರ್ಷ ಅಳೆದಿದ್ದೆವು. ಪಕ್ಕದ ಗದ್ದೆಗೆ ಏನು ಲಾಭ ಎಂದು ಯಾರೂ ಕೇಳಿರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅದನ್ನೂ ಅಳೆಯಬೇಕೆಂದು ಬರೆದುಕೊಂಡಿದ್ದಾರೆ. ತೀರ್ಥಮ್ಮನಿಗೆ ಹೇಳಿ, ಅವರ ಪ್ರಶ್ನೆಗೆ ನಮೂನೆಯಲ್ಲಿ ಜಾಗ ಸಿಕ್ಕಿದೆ. ಅವರ ಗದ್ದೆ ಏನಾಯಿತು? ನೀವು ಬರೆಯಲೇ ಇಲ್ಲ.

ಇನ್ನೊಂದು. ನಿಮಗೆ ಈ ಭತ್ತ ಕೊನೆಗೂ ಇಷ್ಟವಾಯಿತೇ ಎಂದು ಕೇಳಬೇಕೆಂದಿದ್ದೆ. ಬೇಡ, ಕೇಳುವುದಿಲ್ಲ.

ನಿಮ್ಮ
ನೂರೈನ್

*

ಅಜ್ಜಂಪುರ
20 ಜನವರಿ 2026

ನೂರೈನ್ ಬೇಟಾ,

ಪತ್ರದ ಜೊತೆ ಒಂದು ಪಾರ್ಸಲ್ ಇದೆ. ತೀರ್ಥಮ್ಮ ಬಸ್ಸಿನಲ್ಲಿ ಹೊತ್ತು ತಂದದ್ದು. ಹೊಸ್ತಿಲಲ್ಲೇ ಚೀಲ ಬಿಚ್ಚಿ, ಭತ್ತ ಬೊಗಸೆಯಲ್ಲಿ ಎತ್ತಿ, ನಮ್ಮ ಮುಂದೆ ಊದಿ ತೋರಿಸಿದಳು. "ಹಾರ್ತದಾ ನೋಡಿ. ಒಂದಾದ್ರೂ ಜೊಳ್ಳು ಹಾರ್ತದಾ?" ಹಾರಲಿಲ್ಲ. ಅವಳ ಗದ್ದೆಯಲ್ಲಿ ಕಾಳು ತುಂಬಿದ ಫಸಲು ತಾನು ಮದುವೆಯಾಗಿ ಬಂದ ಮೇಲೆ ಇದೇ ಮೊದಲಂತೆ. ಅದನ್ನು ಗಿರಣಿಗೆ ಹಾಕಿಸಿದ ಅಕ್ಕಿ ಇದು. ಇದಕ್ಕೆ ನಿಯಮವಿಲ್ಲ, ಮೊಹರಿಲ್ಲ. ಅವಳದೇ ಹಳೆಯ ತಳಿ, ನಿನ್ನ ಭತ್ತ ಬಿಟ್ಟುಕೊಟ್ಟ ನೀರು.

"ಅಲ್ಲೇ ಪಾಯ್ಸ ಮಾಡ್ಕಂಡ್ ತಿನ್ನಕ್ಕೆ ಹೇಳಿ. ಮೊದ್ಲು ಮಾಗ್ಸಿದೋಳು ಪಾಯ್ಸ ತಿನ್ನದೆ ಇದ್ರೆ ಕಾಲ್ವೇಗೆ ಒಳ್ಳೇದಲ್ಲ" ಎಂದಳು. ನಿನ್ನ ಅಮ್ಮಿ ಏಲಕ್ಕಿ ಕಟ್ಟಿಕೊಟ್ಟಿದ್ದಾಳೆ. ಹಾಲು ಅಲ್ಲೇ ತಗೋ.

ನಿನ್ನ ಪತ್ರವನ್ನು ತೂಬಿನ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದೆ. ಈ ಸಲ ಯಾರೂ ಎದ್ದು ಹೋಗಲಿಲ್ಲ. "ಸರಿಸಮ" ಎಂಬಲ್ಲಿಗೆ ಬಂದಾಗ ಕರಿಸಿದ್ದಪ್ಪ, "ಅದ್ನ ಇನ್ನೊಂದ್ ಸಲ ಓದಿ" ಎಂದ. ಓದಿದೆ. ಮೆಟ್ಟಿಲ ಹತ್ತಿರ ಕುಣಿದದ್ದನ್ನು ಮೂರು ಸಲ ಓದಿಸಿದರು.

ಕೇಳುವುದಿಲ್ಲ ಎಂದು ಬರೆದು ಕೇಳಿದ್ದೀಯಲ್ಲ, ಆ ಪ್ರಶ್ನೆಗೆ ಉತ್ತರ ಕೆಳಗೆ ಸಹಿಯಲ್ಲಿದೆ.

ಇಂತಿ,
ನೂರೈನ್ ಅಪ್ಪ